ಬಣ್ಣಗೆಟ್ಟ ಫಿಲ್ಲಿಂಗ್‌ಗೆ ಮೊದಲು ಪಾಲಿಶ್ ಮಾಡಿ ನೋಡಿ

ಮಾನ್ಯ ಸಂಪಾದಕರೇ,

ಹಲ್ಲಿನ ಫಿಲ್ಲಿಂಗ್ ಅಥವಾ ಕ್ಯಾಪ್ ಹಳದಿಗೆ ತಿರುಗಿದರೆ ತೆಗೆಸಿ ಹೊಸದು ಹಾಕಿಸಿಕೊಳ್ಳುವುದೇ ಸರಿ ಎಂಬ ಸಲಹೆಯನ್ನು ನಿಮ್ಮ ಆರೋಗ್ಯ ಪುಟದಲ್ಲಿ ಓದಿದೆ. ದಾವಣಗೆರೆಯ ಡೆಂಟಲ್ ಲ್ಯಾಬ್ ಒಂದರಲ್ಲಿ ಪಿಂಗಾಣಿ ಕ್ಯಾಪ್ ತಯಾರಿಸುವ ನಾನು ಈ ಮಾತನ್ನು ಒಪ್ಪಲಾರೆ. ಬಣ್ಣಗೆಟ್ಟಂತೆ ಕಾಣುವ ಎಷ್ಟೋ ಫಿಲ್ಲಿಂಗ್‌ಗಳಿಗೆ, ಕ್ಯಾಪ್‌ಗಳಿಗೆ ಬೇಕಿರುವುದು ಸರಿಯಾದ ಪಾಲಿಶ್ ಅಷ್ಟೇ.

ಪಿಂಗಾಣಿಯ ಪುಡಿಯನ್ನು ಕುಂಚದಲ್ಲಿ ಪದರಪದರವಾಗಿ ಕಟ್ಟಿ, ಕುಲುಮೆಯಲ್ಲಿ ಸುಟ್ಟು, ಕೊನೆಗೆ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಗ್ಲೇಜ್ ಕೊಡುತ್ತೇವೆ. ಆಗ ಮೇಲ್ಮೈ ಗಾಜಿನಂತೆ ಮುಚ್ಚಿಕೊಳ್ಳುತ್ತದೆ, ಕಲೆಗೆ ಹಿಡಿತ ಸಿಗುವುದಿಲ್ಲ. ಕ್ಲಿನಿಕ್‌ನಲ್ಲಿ ಕ್ಯಾಪ್ ಕೂರಿಸಿದಾಗ ರೋಗಿ ಕಚ್ಚಿ ನೋಡಿ ‘ಇಲ್ಲಿ ಎತ್ತರವಾಗಿದೆ’ ಎನ್ನುತ್ತಾರೆ. ವೈದ್ಯರು ಡೈಮಂಡ್ ಬರ್ ಎಂಬ, ತಿರುಗುತ್ತಾ ಉಜ್ಜುವ ಸಣ್ಣ ಮೊನೆಯಿಂದ ಅಲ್ಲಿ ಉಜ್ಜುತ್ತಾರೆ. ಉಜ್ಜದೆ ವಿಧಿಯಿಲ್ಲ, ಎತ್ತರ ಉಳಿದರೆ ಹಲ್ಲು ನೋಯುತ್ತದೆ. ಆದರೆ ಉಜ್ಜಿದ ಕಡೆ ಗ್ಲೇಜ್ ಹೋಯಿತು. ಅದನ್ನು ಹಾಗೆಯೇ ಬಿಟ್ಟು ಅಂಟಿಸಿಬಿಟ್ಟರೆ ಮುಂದಿನ ತೊಂದರೆಗೆ ದಾರಿ ಮಾಡಿಕೊಟ್ಟಂತೆ.

ಇತ್ತೀಚೆಗೆ ಒಂದು ಕ್ಲಿನಿಕ್‌ನಿಂದ ಸಡಿಲವಾಗಿ ಕಳಚಿದ ಕ್ಯಾಪ್ ಒಂದು ನಮ್ಮಲ್ಲಿಗೆ ವಾಪಸ್ ಬಂತು. ಜೊತೆಗಿದ್ದ ಚೀಟಿಯಲ್ಲಿ ‘ಬಣ್ಣ ಹೋಗಿದೆ, ಬದಲಿಸಿ ಕೊಡಿ’ ಎಂದಿತ್ತು. ಭೂತಗನ್ನಡಿಯಲ್ಲಿ ನೋಡಿದೆ. ಪಕ್ಕದ ಗೋಡೆಗಳಲ್ಲಿ ನಾವು ಕೊಟ್ಟ ಹೊಳಪು ಹಾಗೆಯೇ ಇತ್ತು. ಕಂದು ಕಲೆ ಇದ್ದದ್ದು ಬರ್ ಓಡಿದ ಗೀರುಗಳೊಳಗೆ ಮಾತ್ರ, ಗೀರು ಸಾಗಿದ ದಿಕ್ಕಿನಲ್ಲೇ ಗೆರೆಗೆರೆಯಾಗಿ. ರಬ್ಬರ್ ವೀಲ್‌ನಿಂದ ಉಜ್ಜಿ, ಡೈಮಂಡ್ ಪೇಸ್ಟ್ ಹಚ್ಚಿ ಪಾಲಿಶ್ ಮಾಡಿ, ಕಿಟಕಿಯ ಬೆಳಕಿನಲ್ಲಿ ಶೇಡ್ ಗೈಡ್ (ಹಲ್ಲಿನ ಬಣ್ಣಗಳ ಮಾದರಿ ಸಾಲು) ಪಕ್ಕ ಹಿಡಿದೆ. ಮೊದಲು ಕ್ಲಿನಿಕ್ ಕೇಳಿದ್ದ, ಆ ಸಾಲಿನ ಎ3 ಎಂಬ ಬಣ್ಣವೇ ಇತ್ತು. ಪಿಂಗಾಣಿಗೆ ಏನೂ ಆಗಿರಲಿಲ್ಲ.

ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್‌ನ ಸ್ವಭಾವ ಬೇರೆ. ಅದು ರಾಳದೊಳಗೆ ಗಾಜಿನ ಅತಿಸಣ್ಣ ಕಣಗಳನ್ನು ಬೆರೆಸಿ ಮಾಡಿದ ವಸ್ತು. ರಾಳ ಬಾಯಿಯ ನೀರನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ನೀರಿನೊಂದಿಗೆ ಬಣ್ಣವೂ ಸೇರಿಕೊಳ್ಳುತ್ತದೆ. ಚಹಾದ ಬಣ್ಣ ಹೆಚ್ಚಾಗಿ ಮೇಲ್ಮೈಗೆ ಅಂಟಿದರೆ, ಕಾಫಿಯ ಬಣ್ಣ ಒಳಕ್ಕೂ ಇಳಿಯುತ್ತದೆ. ನಮ್ಮ ಅಡುಗೆಯ ಅರಿಸಿನವಂತೂ ಬಹಳ ಬೇಗ ಹಿಡಿಯುತ್ತದೆ. ಇದಲ್ಲದೆ, ಫಿಲ್ಲಿಂಗ್ ಅನ್ನು ಬೆಳಕಿನಿಂದ ಗಟ್ಟಿ ಮಾಡಲು ಬೆರೆಸುವ ಅಮೈನ್ ಎಂಬ ರಾಸಾಯನಿಕ ವರ್ಷಗಳು ಕಳೆದಂತೆ ತಾನೇ ಹಳದಿಯಾಗುತ್ತದೆ. ಒಳಗಿನ ಈ ಹಳದಿಯನ್ನು ಯಾವ ಪಾಲಿಶ್‌ನಿಂದಲೂ ತೆಗೆಯಲಾಗದು. ಆದರೆ ಕಣ್ಣಿಗೆ ಕಂಡ ಹಳದಿಯೆಲ್ಲ ಒಳಗಿನದೇ ಎಂದು ತೀರ್ಮಾನಿಸುವ ಮೊದಲು ಮೇಲ್ಮೈಯನ್ನು ಪರೀಕ್ಷಿಸಬೇಕಲ್ಲವೇ?

ಮೇಲ್ಮೈಯ ಒರಟುತನ ಸುಮಾರು 0.2 ಮೈಕ್ರಾನ್ ದಾಟಿದರೆ ಅಲ್ಲಿ ದಂತಪಾಚಿ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ) ಹೆಚ್ಚು ನಿಲ್ಲುತ್ತದೆ ಎಂಬುದು ದಂತವೈದ್ಯರಿಗೆ ಗೊತ್ತಿರುವ ವಿಷಯ. ಪಾಚಿ ನಿಂತ ಕಡೆ ಕಲೆಯೂ ನಿಲ್ಲುತ್ತದೆ. ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತರಬಹುದು. ಮುಂಭಾಗದ ಹಲ್ಲು ತುಂಬುವಾಗ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಒತ್ತಿ ಬೆಳಕು ಹಾಯಿಸುತ್ತಾರೆ. ಪಟ್ಟಿ ತೆಗೆದಾಗ ಫಿಲ್ಲಿಂಗ್ ಕನ್ನಡಿಯಷ್ಟು ನುಣುಪು. ಆ ನುಣುಪನ್ನು ನಂಬಿ ಹಾಗೆಯೇ ಬಿಡಬಾರದು. ಆ ತೆಳು ಪದರದಲ್ಲಿ ಬಹುಪಾಲು ಬರಿಯ ರಾಳವೇ ಇರುವುದರಿಂದ ಬೇಗ ಬಣ್ಣ ಹಿಡಿಯುತ್ತದೆ. ಅದನ್ನು ತೆಗೆದು, ಒರಟು ಡಿಸ್ಕ್‌ನಿಂದ ನಯವಾದ ಡಿಸ್ಕ್‌ವರೆಗೆ ಒಂದನ್ನೂ ಬಿಡದೆ ಕ್ರಮವಾಗಿ ಬಳಸಬೇಕು. ಸರದಿಯಲ್ಲಿ ಜನ ಕಾಯುತ್ತಿರುವಾಗ ಮೊದಲು ಕೈಬಿಡುವುದು ಈ ಕೆಲಸವನ್ನೇ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಬಣ್ಣಕ್ಕಾಗಿ ಫಿಲ್ಲಿಂಗ್ ಕಿತ್ತು ಹೊಸದು ಹಾಕಿದಾಗಲೆಲ್ಲ ಬರ್ ಸ್ವಲ್ಪವಾದರೂ ಒಳ್ಳೆಯ ಹಲ್ಲನ್ನು ಕೊರೆಯುತ್ತದೆ. ಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಫಿಲ್ಲಿಂಗ್ ಅಂಚಿನ ಕಪ್ಪು ಗೆರೆ ಬರಿಯ ಕಲೆಯೋ, ಒಳಗೆ ಹುಳುಕು ಶುರುವಾಗಿದೆಯೋ ಎಂಬುದನ್ನು ವೈದ್ಯರೇ ಹೇಳಬೇಕು. ಹುಳುಕಿದ್ದರೆ ಬದಲಿಸಲೇಬೇಕು. ಇಲ್ಲದಿದ್ದರೆ ‘ಮೊದಲು ಪಾಲಿಶ್ ಮಾಡಿ ನೋಡಬಹುದೇ?’ ಎಂದು ಓದುಗರು ಸಂಕೋಚವಿಲ್ಲದೆ ಕೇಳಲಿ. ಮನೆಯಲ್ಲಿ ಇದ್ದಿಲ ಪುಡಿ, ಉಪ್ಪು ಹಾಕಿ ತಿಕ್ಕುವುದು ಬೇಡ. ಅದರಿಂದ ಫಿಲ್ಲಿಂಗ್ ಇನ್ನಷ್ಟು ಒರಟಾಗುತ್ತದೆ. ಹಲ್ಲು ಬಿಳುಪಾಗಿಸುವ ಬ್ಲೀಚಿಂಗ್‌ನಿಂದಲೂ ಪ್ರಯೋಜನವಿಲ್ಲ. ಹಲ್ಲು ಬೆಳ್ಳಗಾಗಿ ಫಿಲ್ಲಿಂಗ್ ಹಾಗೆಯೇ ಉಳಿದು ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ವೈದ್ಯರಲ್ಲಿ ಎರಡು ವಿನಂತಿ. ಹಲ್ಲು ಒಣಗಿದರೆ ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆದ್ದರಿಂದ ಹತ್ತಿ ಇಟ್ಟು ಕೆಲಸ ಆರಂಭಿಸುವ ಮೊದಲೇ ಶೇಡ್ ನೋಡಿ ಬರೆದುಕೊಳ್ಳಿ. ಇನ್ನು, ಕ್ಯಾಪ್ ಅನ್ನು ಉಜ್ಜಬೇಕಾಗಿ ಬಂದರೆ ಅಂಟಿಸುವ ಮುನ್ನ ಲ್ಯಾಬ್‌ಗೆ ಕಳುಹಿಸಿ, ಮತ್ತೆ ಗ್ಲೇಜ್ ಮಾಡಿ ಕೊಡುತ್ತೇವೆ. ಅಷ್ಟು ಸಮಯವಿಲ್ಲದಿದ್ದರೆ ಪಿಂಗಾಣಿಗೆಂದೇ ಇರುವ ಪಾಲಿಶಿಂಗ್ ಕಿಟ್ ಅನ್ನು ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಳ್ಳಿ.

– ಡೆಂಟಲ್ ಲ್ಯಾಬ್ ತಂತ್ರಜ್ಞೆ, ದಾವಣಗೆರೆ