ಕೇಬಲ್ ಚೈನ್ ಒಳಗೆ ಹೊರೆ ಕಟ್ಟಿಟ್ಟ ಕೇಬಲ್‌ಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸೇವಾ ವಿಭಾಗ

ವಿಷಯ: ನಮ್ಮ ಯಂತ್ರದ ಕೇಬಲ್ ಚೈನ್ ಕೆಲಸವನ್ನು ನಿಮ್ಮ ಖರ್ಚಿನಲ್ಲಿ ಮತ್ತೆ ಮಾಡಿಕೊಡುವ ಕುರಿತು.

ಮಾನ್ಯರೇ,

ಜುಲೈ ಮೊದಲ ವಾರ ನಿಮ್ಮ ಇಬ್ಬರು ತಂತ್ರಜ್ಞರು ಪೀಣ್ಯದ ನಮ್ಮ ಕಾರ್ಖಾನೆಗೆ ಬಂದು, ಲೋಹ ಕೊರೆಯುವ ದೊಡ್ಡ ಯಂತ್ರವಾದ ಡಬಲ್ ಕಾಲಂ ಮೆಷಿನಿಂಗ್ ಸೆಂಟರ್‌ನ ಹೆಡ್‌ಗೆ ಹೋಗುವ ಕೇಬಲ್ ಚೈನ್‌ನಲ್ಲಿದ್ದ (ಹೆಡ್ ಚಲಿಸಿದಂತೆ ಬಾಗುತ್ತಾ ಕೇಬಲ್‌ಗಳನ್ನು ಹೊತ್ತು ಸಾಗುವ ಕೊಂಡಿಗಳ ಸರಪಳಿ) ಹಳೆಯ ಕೇಬಲ್, ಹೋಸ್‌ಗಳನ್ನೆಲ್ಲ ತೆಗೆದು ಹೊಸವನ್ನು ಹಾಕಿ ಹೋದರು. ಬಿಲ್ಲಿನ ಪೂರ್ತಿ ಹಣವನ್ನು ಅಂದೇ ಕೊಟ್ಟಿದ್ದೇವೆ. ಹದಿನೇಳನೆಯ ದಿನ ರಾತ್ರಿ ಪಾಳಿಯಲ್ಲಿ ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತು ಎಂದು ಅಳೆದು ತಿಳಿಸುವ ಸಾಧನ) ಅಲಾರಂ ಬಂದು ಯಂತ್ರ ನಿಂತಿತು. ಹೆಡ್ ಬಲತುದಿಗೆ ಹೋದರೆ ಅಲಾರಂ, ಎಡಕ್ಕೆ ತಂದರೆ ಇಲ್ಲ. ಎಲ್ಲೋ ಬಾಗುವಾಗ ತಂತಿ ಬಿಟ್ಟುಕೊಳ್ಳುತ್ತಿದೆ ಎಂದು ನಮಗೆ ಆಗಲೇ ಅನುಮಾನ ಬಂತು.

ಮರುದಿನ ಬೆಳಿಗ್ಗೆ ಚೈನ್‌ನ ಮೇಲಿನ ಪಟ್ಟಿಗಳನ್ನು ಸ್ಕ್ರೂಡ್ರೈವರ್‌ನಿಂದ ಒಂದೊಂದಾಗಿ ಎಬ್ಬಿಸಿದೆವು. ಸ್ಪಿಂಡಲ್ ಮೋಟಾರಿನ ದಪ್ಪ ಕೇಬಲ್, ಎನ್‌ಕೋಡರ್‌ನ ತೆಳು ಕೇಬಲ್, ಗಾಳಿಯ ಟ್ಯೂಬ್, ಹೈಡ್ರಾಲಿಕ್ ಹೋಸ್ ಎಲ್ಲವನ್ನೂ ಸೇರಿಸಿ, ಸೌದೆ ಹೊರೆ ಕಟ್ಟುವಂತೆ ಕೇಬಲ್ ಟೈ ಹಾಕಿ ಬಿಗಿದಿದ್ದರು. ಎಣಿಸಿದೆ, ಹನ್ನೊಂದು ಟೈಗಳಿದ್ದವು. ಒಂದು ಟೈ ಪಕ್ಕದಲ್ಲೇ ಎನ್‌ಕೋಡರ್ ಕೇಬಲ್‌ನ ಹೊರಕವಚ ಹರಿದು, ಒಳಗಿನ ರಕ್ಷಣಾ ಹೆಣಿಗೆಯಾದ ಶೀಲ್ಡ್‌ನ ತಾಮ್ರದ ಎಳೆಗಳು ಹೊರಬಂದು ಬೆರಳಿಗೆ ಚುಚ್ಚಿದವು. ಸವೆದ ಕವಚದ ಕಪ್ಪು ಪುಡಿ ಕೂಲೆಂಟ್‌ನಲ್ಲಿ (ಲೋಹ ಕೊರೆಯುವಾಗ ತಂಪು ಮಾಡಲು ಸುರಿಸುವ ದ್ರವ) ಕಲೆಸಿ ಚೈನ್‌ನ ತಳಕ್ಕೆ ಕಾಡಿಗೆಯಂತೆ ಮೆತ್ತಿಕೊಂಡಿತ್ತು. ಕೇಬಲ್‌ಗಳನ್ನು ಬೇರೆ ಬೇರೆ ಇಡಲು ಚೈನ್‌ನಲ್ಲಿ ಇದ್ದ ಅಡ್ಡತಡೆಗಳು, ಅಂದರೆ ಸೆಪರೇಟರ್‌ಗಳು? ಅವು ನಮ್ಮ ಗುಜರಿ ಡಬ್ಬದಲ್ಲಿ ಸಿಕ್ಕವು.

ಚೈನ್ ಬಾಗುವಾಗ ಒಳಮಗ್ಗುಲಿನ ಕೇಬಲ್‌ಗೆ ಬೇಕಾಗುವ ಉದ್ದವೇ ಬೇರೆ, ಹೊರಮಗ್ಗುಲಿನದಕ್ಕೆ ಬೇಕಾಗುವುದೇ ಬೇರೆ. ಆದ್ದರಿಂದಲೇ ಪ್ರತಿಯೊಂದಕ್ಕೂ ತನ್ನದೇ ಗೂಡು ಇರಬೇಕು, ಕೇಬಲ್ ಸುತ್ತ ಅದರ ವ್ಯಾಸದ ಶೇ. 10, ಹೋಸ್ ಸುತ್ತ ಶೇ. 20ರಷ್ಟು ಜಾಗ ಬಿಡಬೇಕು, ಬಿಗಿಯುವುದೇನಿದ್ದರೂ ಚೈನ್‌ನ ಎರಡು ತುದಿಗಳಲ್ಲಿ ಮಾತ್ರ. ಇದು ಈ ಕೆಲಸದ ಮೊದಲ ಪಾಠ. ನಿಮ್ಮವರು ಕೇಬಲ್ ಸುರುಳಿಯನ್ನು ಉರುಳಿಸಿ ಬಿಚ್ಚದೆ, ನೆಲದ ಮೇಲಿಟ್ಟು ಸುತ್ತು ಸುತ್ತಾಗಿ ಮೇಲಕ್ಕೆ ಎಳೆದುಕೊಂಡರು. ಹಾಗೆ ಮಾಡಿದರೆ ಕೇಬಲ್ ಒಳಗೆ ತಿರುಚು ಬೀಳುತ್ತದೆ ಎಂದು ನಮ್ಮ ಹಿರಿಯ ಆಪರೇಟರ್ ಅಂದೇ ಹೇಳಿದ್ದರು. ‘ನಮಗೆ ಕಲಿಸಬೇಡಿ’ ಎಂಬ ಉತ್ತರ ಬಂತು. ಇಪ್ಪತ್ತೆರಡು ವರ್ಷ ಯಂತ್ರದ ಮುಂದೆ ನಿಂತವರಿಗೆ ಆಡಿದ ಆ ಮಾತು ನನ್ನನ್ನು ಬಿಲ್ಲಿಗಿಂತ ಹೆಚ್ಚು ನೋಯಿಸಿದೆ.

ಹೋಸ್ ವಿಷಯವೂ ಇದೆ. ಮೊದಲು ಇದ್ದದ್ದು ಕಾಲು ಇಂಚಿನದು. ನೀವು ಹಾಕಿದ್ದು ಅರ್ಧ ಇಂಚಿನದು. ಒಂದು ತಂತಿ ಹೆಣಿಗೆಯ ಅರ್ಧ ಇಂಚಿನ ಹೈಡ್ರಾಲಿಕ್ ಹೋಸ್ ಅನ್ನು 178 ಮಿ.ಮೀ.ಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸುವಂತಿಲ್ಲ. ನಮ್ಮ ಚೈನ್ ಬಾಗುವುದು 150ಕ್ಕೆ. ಸಾಲದ್ದಕ್ಕೆ ಎರಡೂ ತುದಿ ಎಳೆದು ಬಿಗಿದಿದ್ದಾರೆ. ಒತ್ತಡ ಏರಿದಾಗ ಹೋಸ್‌ನ ಉದ್ದ ಹೆಚ್ಚು ಕಡಿಮೆ ಆಗುತ್ತದೆ, ಅದಕ್ಕೆ ಸಡಿಲ ಬಿಡಬೇಕಲ್ಲವೇ? ಇದು ಒಡೆದು ಬಿಸಿ ಎಣ್ಣೆ ಕೆಳಗೆ ನಿಂತವರ ಮೇಲೆ ಸಿಡಿದಿದ್ದರೆ ಈ ಪತ್ರದ ಬದಲು ಬೇರೆಯೇ ಪತ್ರ ಬರೆಯಬೇಕಾಗುತ್ತಿತ್ತು.

ದೂರವಾಣಿಯಲ್ಲಿ ನಿಮ್ಮ ಎಂಜಿನಿಯರ್, ಕೂಲೆಂಟ್ ಬಿದ್ದು ಹಾಳಾಗಿದೆ, ವಾರಂಟಿ ಇಲ್ಲ ಎಂದರು. ಅದೇ ಜಾಗ, ಅದೇ ಕೂಲೆಂಟ್, ಹಳೆಯ ಕೇಬಲ್‌ಗಳು ಆರು ವರ್ಷ ಬಂದಿದ್ದವು. ಒಂದು ಸಲವೂ ಬಂದು ನೋಡದೆ ಹೇಳಿದ ಆ ಕಾರಣವನ್ನು ನಾವು ಒಪ್ಪುವುದಿಲ್ಲ.

ಯಂತ್ರ ನಿಂತು ಇಂದಿಗೆ ನಾಲ್ಕು ದಿನ. ಒಪ್ಪಿಕೊಂಡ ಜಾಬ್‌ಗಳನ್ನು ಹೊರಗೆ ಕೊಟ್ಟು ಮಾಡಿಸುತ್ತಿದ್ದೇವೆ. ಅದರ ರಸೀದಿಗಳು ಮತ್ತು ಚೈನ್ ಬಿಚ್ಚಿದಾಗ ತೆಗೆದ ಫೋಟೋಗಳು ಜೊತೆಗಿವೆ. ಮೂರು ದಿನಗಳೊಳಗೆ ಸದಾ ಚಲಿಸುವ ಚೈನ್‌ಗೆಂದೇ ತಯಾರಾದ ಕೇಬಲ್‌ಗಳನ್ನೂ ಕಾಲು ಇಂಚಿನ ಹೋಸ್ ಅನ್ನೂ ತಂದು, ಸೆಪರೇಟರ್ ಹಾಕಿ, ವಿದ್ಯುತ್ ಕೇಬಲ್‌ನಿಂದ ಎನ್‌ಕೋಡರ್ ಕೇಬಲ್ ಅನ್ನು ದೂರವಿಟ್ಟು ಕೆಲಸವನ್ನು ಮತ್ತೆ ಮಾಡಿಕೊಡಿ. ಹೊರಗಿನ ಕೆಲಸಕ್ಕೆ ತಗುಲಿದ ಖರ್ಚನ್ನೂ ಭರಿಸಿ. ಇಲ್ಲವಾದರೆ ಕೊಟ್ಟ ಹಣವನ್ನು ಪೂರ್ತಿ ಹಿಂದಿರುಗಿಸಿ, ಬೇರೆಯವರಿಂದ ಮಾಡಿಸಿಕೊಳ್ಳುತ್ತೇವೆ.

ಈ ಸಲ ಪಟ್ಟಿಗಳನ್ನು ಮುಚ್ಚುವ ಮೊದಲು ನಮ್ಮ ಹಿರಿಯ ಆಪರೇಟರ್ ಹೆಡ್ ಅನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಓಡಿಸಿ, ಪ್ರತಿ ಗೂಡಿನಲ್ಲೂ ಕೇಬಲ್ ಸಲೀಸಾಗಿ ಸರಿಯುವುದನ್ನು ನೋಡುತ್ತಾರೆ. ಕೆಲಸ ಮುಗಿದ ಕಾಗದಕ್ಕೆ ಸಹಿ ಹಾಕುವವರೂ ಅವರೇ.

ಇತಿ,
ಕಾರ್ಖಾನೆಯ ಮಾಲೀಕ,
ಪೀಣ್ಯ, ಬೆಂಗಳೂರು