ಗಂಟೆ ಲೆಕ್ಕಕ್ಕೆ ಸಿಗದ ಪಾಠ

ಮಾನ್ಯ ಸಂಪಾದಕರೇ,

ದೊಡ್ಡವರಿಗೆ ಹೊಸ ಭಾಷೆ ಕಲಿಸುವುದನ್ನು ಬಿಡುವಿನ ಕೆಲಸ ಅಂದುಕೊಳ್ಳುವವರೇ ಜಾಸ್ತಿ. ಮಕ್ಕಳು ತಪ್ಪು ಮಾತಾಡಿ ನಕ್ಕು ಮುಂದೆ ಹೋಗುತ್ತಾರೆ. ಕಚೇರಿಯಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸುವವರು ತರಗತಿಯಲ್ಲಿ ಒಂದು ಕ್ರಿಯಾಪದ ತಪ್ಪಿದರೆ ಸಾಕು, ಬಾಯಿ ಮುಚ್ಚಿಬಿಡುತ್ತಾರೆ. ಆಗ ತಿದ್ದಲು ಹೋಗಬಾರದು. ಅವರ ಮಾತನ್ನೇ ಸರಿಯಾದ ರೂಪದಲ್ಲಿ ಹೇಳಿ, ಹರಟೆ ಮುಂದುವರಿಸಬೇಕು. ಈ ತಾಳ್ಮೆ ಬರೀ ಸಂಬಳಕ್ಕೆ ಬರುವಂಥದ್ದಲ್ಲ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ, ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಮಾನದಂಡದಲ್ಲಿ ಆರಂಭದ ಎ1ರಿಂದ ಪರಿಣತಿಯ ಸಿ2ವರೆಗೆ ಆರು ಹಂತಗಳಿವೆ. ಸಂಕೋಚ ಬಿಟ್ಟಿದ್ದಕ್ಕೆ ಅದರಲ್ಲಿ ಹಂತವಿಲ್ಲ!

ಹಾಗಂತ ‘ಸೇವೆ’ ಎಂದು ಹೊಗಳಿ ದುಡ್ಡು ಕಡಿಮೆ ಕೊಡುವುದು ಸರಿಯಲ್ಲ, ಅಲ್ವಾ? ತರಗತಿಯ ಗಂಟೆಗೆ ಮಾತ್ರ ಸಂಬಳ ಕೊಡುವ ಸಂಸ್ಥೆಗಳು ಪಾಠದ ತಯಾರಿಗೆ ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಲಿ.

– ಒಬ್ಬ ಭಾಷಾ ಶಿಕ್ಷಕಿ