ಒಂಬತ್ತು ಮಕ್ಕಳ ಕಂಚು, ಅದರ ಹಿಂದೆ ನಿಂತ ಶನಿವಾರಗಳು

ಕಳೆದ ವಾರ ನಮ್ಮ ಕುಮಟಾ ತಂಡದ ಒಂಬತ್ತೂ ಮಕ್ಕಳ ಕಂಚಿನ ಹಂತ ಮುಗಿಯಿತು. ಕೊನೆಯ ಹುಡುಗನ ದಾಖಲೆಗೆ ಒಪ್ಪಿಗೆ ಬಂತು ಅಂತ ಮೆಸೇಜ್ ಬಂದಾಗ ನಾನು ಸೊಸೈಟಿಯ ಕೌಂಟರಿನಲ್ಲಿದ್ದೆ. ಎದುರಿಗೆ ಪಾಸ್‌ಬುಕ್ ಹಿಡಿದು ಅಜ್ಜಿಯೊಬ್ಬರು ನಿಂತಿದ್ದರು. ನನ್ನ ಕಣ್ಣು ತುಂಬಿದ್ದು ನೋಡಿ "ಎಂತ ಆಯ್ತು ತಂಗಿ, ಮನೇಲಿ ಎಲ್ಲಾ ಆರಾಮಲ್ಲ?" ಅಂದರು. "ಒಳ್ಳೆ ಸುದ್ದಿ ಅಜ್ಜಿ" ಅಂದೆ ಅಷ್ಟೆ. ಹಿಂದೆ ಸಾಲು ಇತ್ತು, ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಒಂಚೂರು. ಇದು ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್. 1956ರಲ್ಲಿ ಬ್ರಿಟನ್ನಿನಲ್ಲಿ ಪ್ರಿನ್ಸ್ ಫಿಲಿಪ್ ಶುರು ಮಾಡಿದ ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡ್ ಇದೆಯಲ್ಲ, ಅದೇ ನಮ್ಮ ದೇಶದಲ್ಲಿ ಈ ಹೆಸರಿನಲ್ಲಿ ನಡೆಯುತ್ತದೆ. 1953ರಲ್ಲಿ ಎವರೆಸ್ಟ್ ಹತ್ತಿದ ತಂಡದ ನಾಯಕ ಜಾನ್ ಹಂಟ್ ಅದರ ಮೊದಲ ನಿರ್ದೇಶಕರು. 14 ವರ್ಷ ತುಂಬಿದ ಮೇಲೆ ಸೇರಬಹುದು, 24ರವರೆಗೆ ಅವಕಾಶ. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಕಂಚಿಗೆ ಒಂದು ಸೇವೆ, ಒಂದು ಕೌಶಲ, ಒಂದು ಆಟ ಅಥವಾ ವ್ಯಾಯಾಮ, ಇವನ್ನು ವಾರಕ್ಕೊಂದು ಗಂಟೆಯ ಲೆಕ್ಕದಲ್ಲಿ ಮೂರು ತಿಂಗಳು ಮಾಡಬೇಕು, ಅದರಲ್ಲಿ ಯಾವುದಾದರೂ ಒಂದನ್ನು ಆರು ತಿಂಗಳಿಗೆ ಎಳೆಯಬೇಕು. ಜೊತೆಗೆ ಎರಡು ಹಗಲು ಒಂದು ರಾತ್ರಿಯ ಒಂದು ಪಯಣ. ರ‍್ಯಾಂಕ್ ಇಲ್ಲ, ಫಸ್ಟು ಸೆಕೆಂಡು ಇಲ್ಲ, ಯಾರೂ ಯಾರನ್ನೂ ಸೋಲಿಸಬೇಕಾಗಿಲ್ಲ. ಯಾರೂ ಒತ್ತಾಯ ಮಾಡುವುದೂ ಇಲ್ಲ. ಮಗು ತಾನೇ ಆರಿಸಿಕೊಂಡದ್ದನ್ನು ತಾನೇ ಬಿಡದೆ ಮಾಡಬೇಕು.

ಕೇಳಲಿಕ್ಕೆ ಸುಲಭ, ಅಲ್ವಾ? ವಾರಕ್ಕೆ ಒಂದು ಗಂಟೆ ತಾನೇ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಆ ಒಂದು ಗಂಟೆಗೆ ಎದುರಿಗೆ ಒಬ್ಬ ದೊಡ್ಡವರು ಬೇಕು. ಕಲಿಸಲು, ನೋಡಲು, ಕೊನೆಗೆ "ಹೌದು, ಇವಳು ಬಂದಿದ್ದಳು, ಮಾಡಿದ್ದಾಳೆ" ಅಂತ ಸಹಿ ಹಾಕಲು. ಮನೆಯವರು ಸಹಿ ಹಾಕುವುದು ಬೇಡ ಅಂತ ನಾವೇ ಇಟ್ಟುಕೊಂಡಿದ್ದೆವು. ಹಾಗಾಗಿ ಒಂಬತ್ತು ಮಕ್ಕಳಿಗೆ ಊರಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಬೇಕಾದರು. ಒಬ್ಬರಿಗೂ ಒಂದು ರೂಪಾಯಿ ಕೊಟ್ಟಿಲ್ಲ. ನಾನು ಥ್ಯಾಂಕ್ಸ್ ಹೇಳಬೇಕಾಗಿರುವುದು ಮುಖ್ಯವಾಗಿ ಇವರಿಗೆ.

ಮೊದಲು ಹೊಲಿಗೆ ಅಕ್ಕನಿಗೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ, ಎರಡು ಮಷಿನ್ ಇಟ್ಟರೆ ಕಾಲಿಡಲು ಜಾಗ ಇಲ್ಲ. ನಮ್ಮ ಒಬ್ಬ ಹುಡುಗಿ ಪ್ರತಿ ಶನಿವಾರ ಮೂರು ಗಂಟೆಗೆ ಅಲ್ಲಿಗೆ ಹೋಗಿ ಹೊಲಿಗೆ ಕಲಿತಳು. ಮೊದಲ ಮೂರು ವಾರ ಅವಳಿಗೆ ಅಕ್ಕ ಬಟ್ಟೆಯನ್ನೇ ಕೊಡಲಿಲ್ಲ. ಹಳೇ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ದಾರ ಇಲ್ಲದ ಸೂಜಿಯಲ್ಲಿ ಆ ಗೆರೆಯ ಮೇಲೇ ಓಡಿಸು ಅಂದರು. ತೂತು ಗೆರೆ ಬಿಟ್ಟು ಆಚೆ ಹೋದರೆ ಇನ್ನೊಂದು ಪೇಪರ್. ನವರಾತ್ರಿ ಹೊತ್ತಿಗೆ ಹುಡುಗಿ ಎರಡು ವಾರ ತಪ್ಪಿಸಿದಳು. ನನಗೋ ಗಡಿಬಿಡಿ. ಎಲ್ಲರದ್ದೂ ಒಟ್ಟಿಗೆ ಮುಗಿದರೆ ಚಂದ ಅಂತ ನಾನೇ ಅಂಗಡಿಗೆ ಹೋಗಿ "ಆ ಎರಡು ವಾರದ್ದೂ ಸೇರಿಸಿ ಸಹಿ ಹಾಕಿಬಿಡಿ ಅಕ್ಕ, ಹುಡುಗಿ ಚೆನ್ನಾಗೇ ಕಲೀತಿದ್ದಾಳಲ್ಲ" ಅಂದೆ. ಅಕ್ಕ ಮಷಿನ್ ನಿಲ್ಲಿಸಿದರು. "ಬರ್ಲಿಲ್ಲ ಅಂದ್ರೆ ಬರ್ಲಿಲ್ಲ. ಇನ್ನೆರಡು ವಾರ ಜಾಸ್ತಿ ಬರ್ಲಿ, ಆಗ ಹಾಕ್ತೆ" ಅಂದರು, ಮತ್ತೆ ಹೊಲಿಯಲು ಶುರು ಮಾಡಿದರು. ಸಿಟ್ಟು ಇರಲಿಲ್ಲ, ದೊಡ್ಡ ಮಾತೂ ಇರಲಿಲ್ಲ.

ಅಕ್ಕ, ಆವತ್ತು ನಾನು ತಪ್ಪು ಮಾಡುತ್ತಿದ್ದೆ. ನೀವು ತಡೆದಿರಿ. ಆ ಹುಡುಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಆಮೇಲೆ ಅವಳು ಒಂದು ವಾರವೂ ತಪ್ಪಿಸಲಿಲ್ಲ.

ಕಷ್ಟ ಬಂದದ್ದು ಶುರುವಿನಲ್ಲೇ. 2024ರ ಜೂನಿನಲ್ಲಿ ಹನ್ನೆರಡು ಮಕ್ಕಳು ಹೆಸರು ಕೊಟ್ಟಿದ್ದರು. ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆ ದಿನಗಳನ್ನು ನಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಹೆದ್ದಾರಿ ಬಂದ್, ಮಳೆ ಬಿಡಲೇ ಇಲ್ಲ, ಗಂಗಾವಳಿ ನದಿಯಲ್ಲಿ ಕಾಣೆಯಾದವರ ಹುಡುಕಾಟ ನಡೆಯುತ್ತಲೇ ಇತ್ತು, ಎಲ್ಲರ ಮನೆಯಲ್ಲೂ ಅದೇ ಮಾತು. ಅಂಕೋಲಾ ಕಡೆಯಿಂದ ಬರುವ ಇಬ್ಬರು ಮಕ್ಕಳಿಗೆ ಕುಮಟಾ ಮುಟ್ಟಲು ದಾರಿಯೇ ಇರಲಿಲ್ಲ. ಜನ ಸತ್ತಿರುವಾಗ ಬ್ಯಾಡ್ಜು, ಸರ್ಟಿಫಿಕೇಟು ಅಂತ ಮಾತಾಡಲು ನನಗೆ ಮನಸ್ಸೂ ಬರಲಿಲ್ಲ. ನಿಲ್ಲಿಸಿಬಿಡೋಣ ಅಂತ ಒಂದು ರಾತ್ರಿ ಮೆಸೇಜ್ ಟೈಪ್ ಮಾಡಿಯೂ ಇಟ್ಟಿದ್ದೆ. ಮೂವರು ಬಿಟ್ಟರು, ಅವರ ಮೇಲೆ ನನಗೆ ಏನೂ ಬೇಸರ ಇಲ್ಲ, ಅವರವರ ಮನೆಯ ಪರಿಸ್ಥಿತಿ.

ಆ ಅಂಕೋಲಾದ ಇಬ್ಬರಲ್ಲಿ ಒಬ್ಬಳು ಮಾತ್ರ ಬೇರೆ ದಾರಿ ಹುಡುಕಿದಳು. "ಮೇಡಂ, ಸೇವೆ ಕುಮಟಾದಲ್ಲೇ ಆಗ್ಬೇಕು ಅಂತ ಇಲ್ಲ ಅಲ್ವಾ?" ಅಂತ ಫೋನಿನಲ್ಲಿ ಕೇಳಿದಳು. ಇಲ್ಲ ಅಂದೆ. ಮನೆ ಹತ್ತಿರದ ನರ್ಸರಿಗೆ ಹೋಗಿ ಚೀಲಕ್ಕೆ ಮಣ್ಣು ತುಂಬುವ ಕೆಲಸ ಹಿಡಿದಳು. ಡಿಸೆಂಬರಿನಲ್ಲಿ ಹೊನ್ನಳ್ಳಿಯ ವೃಕ್ಷಮಾತೆ ತುಳಸಿ ಗೌಡರು ತೀರಿಕೊಂಡರಲ್ಲ, ಆ ವಾರ ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಎರಡೇ ಸಾಲು. ಇವತ್ತು 60 ಚೀಲ ತುಂಬಿದೆ. ಅಜ್ಜಿ ಬೀಜ ಮುಟ್ಟಿ ಗಿಡ ಹೇಳುತ್ತಿದ್ದರಂತೆ, ನನಗೆ ಇನ್ನೂ ನಾಲ್ಕೇ ಗೊತ್ತು. ನರ್ಸರಿಯ ಆ ಅಮ್ಮಂದಿರಿಗೆ ಕೈ ಮುಗಿಯುತ್ತೇನೆ. ನಾಲ್ಕು ಬೀಜ ಗುರುತು ಹಿಡಿಯುವ ಹುಡುಗಿಯನ್ನು ನೀವು ಕೊಟ್ಟಿರಿ.

ಇನ್ನು ಪಯಣ. ಇದಕ್ಕೆ ಮೊದಲು ತರಬೇತಿ, ಆಮೇಲೆ ಒಂದು ಅಭ್ಯಾಸದ ನಡಿಗೆ, ಆಮೇಲೇ ನಿಜವಾದದ್ದು. ಒಂದು ಗುಂಪಿನಲ್ಲಿ ನಾಲ್ಕರಿಂದ ಏಳು ಜನ ಇರಬೇಕು, ಹಾಗಾಗಿ ನಾಲ್ಕು ಮತ್ತು ಐದು ಅಂತ ಎರಡು ಗುಂಪು ಮಾಡಿದೆವು. ದೊಡ್ಡವರು ಮುಂದೆ ನಿಂತು ದಾರಿ ತೋರಿಸುವಂತಿಲ್ಲ, ದೂರದಿಂದ ಕಣ್ಣಿಟ್ಟಿರಬೇಕು. ಅಭ್ಯಾಸದ ದಿನ ಕಡ್ಲೆ ಬೀಚಿನ ಕಡೆ ನಾನು ಸಮುದ್ರದ ಭರತ ಇಳಿತದ ಹೊತ್ತು ಸರಿಯಾಗಿ ನೋಡಿರಲಿಲ್ಲ. ಬೆಳಿಗ್ಗೆ ಒಣಗಿದ್ದ ಬಂಡೆಯ ಬುಡದಲ್ಲಿ ಮಧ್ಯಾಹ್ನ ಮಕ್ಕಳ ಮೊಣಕಾಲವರೆಗೆ ನೀರು. ಬಲೆ ಸರಿಮಾಡುತ್ತಾ ಕೂತಿದ್ದ ಒಬ್ಬರು ಕೂಗಿ ನಿಲ್ಲಿಸಿದರು, ಎದ್ದು ಬಂದು ಗೇರು ಹಿತ್ತಲ ಮೇಲಿನ ಕಾಲುದಾರಿಗೆ ಹತ್ತಿಸಿದರು. ನನಗೆ ಬೈಯಲಿಲ್ಲ. ಆದರೆ ಮಕ್ಕಳನ್ನು ಕೂರಿಸಿಕೊಂಡು ಹುಣ್ಣಿಮೆ, ಅಮಾವಾಸ್ಯೆಗೆ ನೀರು ಹೇಗೆ ಏರುತ್ತದೆ, ದಿನಾ ಮುಕ್ಕಾಲು ಗಂಟೆಗೂ ಜಾಸ್ತಿ ಹೇಗೆ ತಡವಾಗುತ್ತದೆ ಅಂತ ಮರಳ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಜನವರಿಯ ಪಯಣದ ವೇಳಾಪಟ್ಟಿಯನ್ನು ಮಕ್ಕಳು ಅದೇ ಲೆಕ್ಕ ಹಿಡಿದು ತಾವೇ ಮಾಡಿದರು. ನಿಮ್ಮ ಹೆಸರು ಆವತ್ತು ಕೇಳಲಿಲ್ಲ, ಅದು ನನ್ನನ್ನು ಇನ್ನೂ ಕೊರೆಯುತ್ತಿದೆ.

ಕುಮಟಾದಿಂದ ಬಾಡ, ಕಾಗಾಲ ದಾಟಿ ಅಘನಾಶಿನಿ ಊರಿನಲ್ಲಿ ರಾತ್ರಿ, ಮಾರನೇ ದಿನ ದೋಣಿಯಲ್ಲಿ ತದಡಿಗೆ ದಾಟಿ ಓಂ ಬೀಚು, ಕುಡ್ಲೆ ಮೇಲೆ ಗೋಕರ್ಣ. ಸುಮ್ನೆ ನಡೆದರೆ ಸಾಲದು, ಪಯಣಕ್ಕೆ ಒಂದು ಉದ್ದೇಶ ಇರಬೇಕು. ಇವರು ಆರಿಸಿಕೊಂಡದ್ದು ಬಾವಿ. ದಾರಿಯ ಮನೆಗಳಲ್ಲಿ ನಿಂತು ನಿಮ್ಮ ಬಾವಿ ನೀರು ಯಾವ ತಿಂಗಳು ಉಪ್ಪಾಗುತ್ತದೆ, ಮೊದಲೂ ಹೀಗೇ ಇತ್ತಾ ಅಂತ ಕೇಳಿ ಬರೆದುಕೊಂಡರು. ಕೇಳಿದ ಪ್ರತಿ ಮನೆಯವರೂ ಮೊದಲು ನೀರು ಕೊಟ್ಟು ಆಮೇಲೆ ಉತ್ತರ ಕೊಟ್ಟರು, ಕೆಲವರು ಬೆಲ್ಲವನ್ನೂ ಕೊಟ್ಟರು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬ ಎರಡನೇ ದಿನ ತಾನೇ ಮುಂದೆ ಹೋಗಿ "ಅಮ್ಮಾ, ಒಂದು ಪ್ರಶ್ನೆ ಕೇಳ್ಲಾ?" ಅಂತ ಅಂಗಳದಲ್ಲಿ ನಿಂತಿದ್ದನ್ನು ನಾನು ದೂರದ ತೆಂಗಿನ ಮರದ ಪಕ್ಕದಿಂದ ನೋಡಿದೆ. ಹತ್ತಿರ ಹೋಗದೆ ಇರಲು ತುಂಬಾ ಕಷ್ಟವಾಯಿತು.

ಮಲಗಲು ಜಗಲಿ ಕೊಟ್ಟ ಮನೆಯವರಿಗೆ, ಹೋಗುವಾಗ ಬರುವಾಗ ದುಡ್ಡು ಮುಟ್ಟದ ದೋಣಿಯವರಿಗೆ, ಮದ್ದಲೆ ಕಲಿಸಿದ ಮಾಸ್ತರರಿಗೆ, ಬೆಳಿಗ್ಗೆ ಆರಕ್ಕೆ ವಾಲಿಬಾಲ್ ನೆಟ್ ಕಟ್ಟಿ ಕಾಯುತ್ತಿದ್ದ ಅಣ್ಣನಿಗೆ, ಮಕ್ಕಳು ಕನ್ನಡದಲ್ಲಿ ಬರೆದದ್ದನ್ನು ರಾತ್ರಿ ಕೂತು ಅವರ ಜೊತೆಗೇ ಇಂಗ್ಲಿಷಿಗೆ ತಂದು ಆನ್‌ಲೈನ್ ದಾಖಲೆಗೆ ಹಾಕಿಸಿದ ಗೆಳತಿಗೆ, ಹತ್ತನೇ ಕ್ಲಾಸು ಅಂತ ಹೆದರಿದರೂ ಕಳಿಸಿದ ಅಪ್ಪ ಅಮ್ಮಂದಿರಿಗೆ, ಶನಿವಾರ ಮಧ್ಯಾಹ್ನ ನನ್ನ ಕೌಂಟರಿನಲ್ಲಿ ತಾವೇ ಕೂತ ನಮ್ಮ ಮ್ಯಾನೇಜರ್ ಸರ್‌ಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಒಂಬತ್ತರಲ್ಲಿ ಆರು ಮಕ್ಕಳು ಬೆಳ್ಳಿಗೆ ಹೆಸರು ಕೊಟ್ಟಿದ್ದಾರೆ. ಕಂಚಿಗೆ ಹೊಸಬರು ಏಳು ಜನ ಬಂದಿದ್ದಾರೆ, ಅದರಲ್ಲಿ ಇಬ್ಬರಿಗೆ ಹೊಲಿಗೆ ಬೇಕಂತೆ. ಅಕ್ಕ, ಮುಂದಿನ ಶನಿವಾರ ಮೂರು ಗಂಟೆಗೆ ಕಳಿಸುತ್ತೇನೆ. ಹಳೇ ಪೇಪರ್ ನಾನೇ ಕಟ್ಟಿಕೊಟ್ಟಿರುತ್ತೇನೆ.